ವರದಿಯಲ್ಲಿ ಯಾರೂ ಓದದ ಸಾಲು

ಕೋವಿಡ್‌ನಿಂದ ಪಾರಾಗಿ ನಾನು ಆಸ್ಪತ್ರೆಯಿಂದ ಹೊರಬಂದ ದಿನ ಕೈಗೆ ಸಿಕ್ಕ ಡಿಸ್ಚಾರ್ಜ್ ಸಮ್ಮರಿ ಒಂಬತ್ತು ಪುಟಗಳಷ್ಟಿತ್ತು. ಮೊದಲ ಆರು ಪುಟಗಳ ತುಂಬ ಶ್ವಾಸಕೋಶದ ಕಥೆಯೇ: ಆಮ್ಲಜನಕದ ಪ್ರಮಾಣ, ವೆಂಟಿಲೇಟರ್‌ನಲ್ಲಿ ಕಳೆದ 24 ದಿನಗಳು, ಬೋರಲು ಮಲಗಿಸಿದ ಗಂಟೆಗಳ ಲೆಕ್ಕ, ಗಂಟಲಿನಲ್ಲಿ ರಂಧ್ರ ಮಾಡಿ ಕೊಳವೆ ಹಾಕಿದ್ದು, ಕೊನೆಗೆ ಅದನ್ನು ತೆಗೆದದ್ದು. ಏಳನೆಯ ಪುಟದಲ್ಲಿ ರಕ್ತಪರೀಕ್ಷೆಗಳ ದೊಡ್ಡ ಕೋಷ್ಟಕವೊಂದಿದ್ದು, ಅದರ ಕೆಳಭಾಗದಲ್ಲಿ ‘ಆಲ್ಕಲೈನ್ ಫಾಸ್ಫಟೇಸ್ 612’ ಎಂಬ ಸಾಲಿತ್ತು. ಪಿತ್ತದ ಹರಿವಿಗೆ ಅಡ್ಡಿಯಾದಾಗ ರಕ್ತದಲ್ಲಿ ಏರುವ ಕಿಣ್ವ ಅದು. ಇರಬೇಕಾದ ಮಿತಿ 120ರ ಒಳಗೆ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ಆ ಸಾಲನ್ನು ನಾನು ಓದಲಿಲ್ಲ; ಓದಿದ್ದರೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗಬಲ್ಲವರೂ ಅಂದು ಅದರ ಮೇಲೆ ಕಣ್ಣು ನಿಲ್ಲಿಸಲಿಲ್ಲ. ಉಸಿರಿಗಾಗಿ ಒದ್ದಾಡಿದವನು ತಾನಾಗಿ ಉಸಿರಾಡುತ್ತ ಬಾಗಿಲು ದಾಟುತ್ತಿರುವಾಗ ಅವನ ಪಿತ್ತನಾಳಗಳ ಬಗ್ಗೆ ಯಾರು ತಾನೇ ಯೋಚಿಸುತ್ತಾರೆ? 2021ರ ಆ ತಿಂಗಳುಗಳಲ್ಲಿ ನಾನು ತೆರವು ಮಾಡಿದ ಹಾಸಿಗೆಗೆ ಇನ್ನೊಬ್ಬ ರೋಗಿ ಆಗಲೇ ಕಾಯುತ್ತಿದ್ದನೆಂಬುದನ್ನೂ ಮರೆಯುವಂತಿಲ್ಲ.

ಮನೆಗೆ ಬಂದ ಮೇಲಿನ ಐದಾರು ವಾರ ನಡೆಯುವುದನ್ನು ಮತ್ತೆ ಕಲಿಯುವುದರಲ್ಲಿ ಕಳೆಯಿತು. ತೂಕ 14 ಕಿಲೋ ಇಳಿದಿತ್ತು, ತೊಡೆಗಳು ಕೈಯಷ್ಟೇ ಸಣ್ಣಗಾಗಿದ್ದವು. ಹೀಗಾಗಿ ತುರಿಕೆ ಶುರುವಾದಾಗ ಅದನ್ನೂ ಚೇತರಿಕೆಯ ಹತ್ತು ತೊಂದರೆಗಳಲ್ಲಿ ಒಂದೆಂದೇ ತಿಳಿದೆ. ಮೊದಲು ಅಂಗಾಲಿನಲ್ಲಿ ಕಾಣಿಸಿಕೊಂಡು ಆಮೇಲೆ ಅಂಗೈಗೆ ಬಂತು. ಹಗಲೆಲ್ಲ ತಡೆದುಕೊಳ್ಳಬಹುದಾದಷ್ಟಿದ್ದು, ಸಂಜೆ ಕವಿಯುತ್ತಿದ್ದಂತೆ ಏರತೊಡಗಿ, ನಡುರಾತ್ರಿಯ ಹೊತ್ತಿಗೆ ಬೇರೆ ಯಾವ ಯೋಚನೆಗೂ ಜಾಗ ಬಿಡದಂತೆ ಆವರಿಸಿಬಿಡುತ್ತಿತ್ತು. ಸೊಳ್ಳೆ ಕಚ್ಚಿದಾಗಿನ ತುರಿಕೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ಕೆರೆದರೆ ಒಂದು ಕ್ಷಣವಾದರೂ ಹಿತವಾಗುತ್ತದೆ. ಇಲ್ಲಿ ತುರಿಕೆ ಚರ್ಮದ ಕೆಳಗೆ ಎಲ್ಲೋ ಇದ್ದು, ಉಗುರು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಗುಳ್ಳೆ, ಕೆಂಪು, ಬಾವು ಯಾವುದೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನಾನೇ ಮಾಡಿಕೊಂಡ ಗೀರುಗಳು ಮತ್ತು ಬೆಳಿಗ್ಗೆ ಹಾಸಿಗೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಒಣಗಿದ ರಕ್ತ. ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಳಿಬಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತೇ ಎಷ್ಟೋ ರಾತ್ರಿಗಳನ್ನು ಬೆಳಗು ಮಾಡಿದ್ದೇನೆ. ಹೆಂಡತಿ ಹತ್ತಿಯ ಕೈಗವಸು ತೊಡಿಸುತ್ತಿದ್ದಳು, ನಿದ್ದೆಯಲ್ಲಿ ನಾನೇ ಅದನ್ನು ಕಿತ್ತೆಸೆಯುತ್ತಿದ್ದೆ. ಚರ್ಮರೋಗ ತಜ್ಞರು ಒಣಚರ್ಮವೆಂದು ಹೇಳಿ ಮುಲಾಮನ್ನೂ ಅಲರ್ಜಿಯ ಮಾತ್ರೆಯನ್ನೂ ಬರೆದುಕೊಟ್ಟರು. ಮಾತ್ರೆಯಿಂದ ತುರಿಕೆ ಹೋಗಲಿಲ್ಲ, ಅದರ ಜೊತೆಗೆ ಮಂಪರು ಸೇರಿತು. ಪಿತ್ತ ಹರಿಯದೆ ಬರುವ ತುರಿಕೆಗೆ, ಅಲರ್ಜಿಯ ತುರಿಕೆ ತರುವ ಹಿಸ್ಟಮೈನ್ ಮುಖ್ಯ ಕಾರಣವಲ್ಲದ್ದರಿಂದ ಅಂಥ ಮಾತ್ರೆಗಳು ಅದನ್ನು ಅಡಗಿಸಲಾರವು ಎಂಬುದು ತಿಳಿದದ್ದು ಬಹಳ ತಡವಾಗಿ.

ಮೂರನೆಯ ತಿಂಗಳಲ್ಲಿ ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿತು, ಮಲ ಜೇಡಿಮಣ್ಣಿನಂತೆ ಬಿಳಚಿಕೊಂಡಿತು, ಕಣ್ಣು ಹಳದಿಯಾಯಿತು. ಆ ಹಳದಿಗೆ ಕಾರಣವಾದ ಬಿಲಿರುಬಿನ್ ರಕ್ತದಲ್ಲಿ 7.4ಕ್ಕೆ ಏರಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇರಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶದ ಕಲ್ಲು ಕಾಣಲಿಲ್ಲ. ಮುಖ್ಯ ಪಿತ್ತನಾಳ ಹಿಗ್ಗಿರಲೂ ಇಲ್ಲ. ನಾಳ ಹಿಗ್ಗಿಲ್ಲವೆಂದ ಮೇಲೆ ಅಡ್ಡಿಯೂ ಇಲ್ಲವೆಂದು ತೀರ್ಮಾನಿಸಿ, ಆಸ್ಪತ್ರೆಯಲ್ಲಿ ಕೊಟ್ಟ ಔಷಧಗಳಿಂದ ಯಕೃತ್ತು ಸ್ವಲ್ಪ ಬಾಡಿದೆ, ಒಂದು ತಿಂಗಳು ಕಾದು ನೋಡೋಣ ಎಂದು ವೈದ್ಯರು ಹೇಳಿದರು. ಎಎಲ್‌ಟಿ, ಎಎಸ್‌ಟಿ ಎಂಬ, ಯಕೃತ್ತಿನ ಜೀವಕೋಶಗಳು ಹಾಳಾದಾಗ ಏರುವ ಎರಡು ಕಿಣ್ವಗಳು ಅಷ್ಟೇನೂ ಏರಿರಲಿಲ್ಲವಾದ್ದರಿಂದ ಎಲ್ಲರೂ ನೆಮ್ಮದಿಯಿಂದಿದ್ದರು. ಕಾದೆವು. ತಿಂಗಳ ಕೊನೆಗೆ ಬಿಲಿರುಬಿನ್ 9.8, ಆಲ್ಕಲೈನ್ ಫಾಸ್ಫಟೇಸ್ 1,430.

ಯಕೃತ್ ತಜ್ಞೆಯೊಬ್ಬರ ಬಳಿ ಹೋದದ್ದು ಆಗ. ಕಾಮಾಲೆಯ ರೋಗಿಯನ್ನು ಮೊದಲು ಮದ್ಯಪಾನದ ಬಗ್ಗೆ ಕೇಳುವುದು ವಾಡಿಕೆ, ಅದಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಹೋಗಿದ್ದೆ. ಅವರು ಕೇಳಿದ್ದು ಬೇರೆಯದೇ: “ವೆಂಟಿಲೇಟರ್‌ನಲ್ಲಿ ಎಷ್ಟು ದಿನ ಇದ್ದಿರಿ?” ಹೇಳಿದೆ. ಆ ಆಸ್ಪತ್ರೆಯ ಕಾಗದವಿದೆಯೇ ಎಂದರು. ಒಂಬತ್ತು ಪುಟಗಳನ್ನು ಮುಂದಿಟ್ಟೆ. ಮೊದಲ ಆರನ್ನು ಸರಸರನೆ ಮಗುಚಿ, ಏಳನೆಯ ಪುಟದ ಕೆಳಭಾಗಕ್ಕೆ ಬಂದು, ಆ ಸಾಲಿನ ಮೇಲೆ ಬೆರಳಿಟ್ಟರು. “ಇದು ಅಲ್ಲಿಂದಲೇ ಶುರುವಾಗಿದೆ ನೋಡಿ. ಜೀವಕೋಶಗಳ ತೊಂದರೆಗಿಂತ ಹೆಚ್ಚಾಗಿ ನಾಳಗಳ ತೊಂದರೆ.”

ಅವರು ಅಂದು ಅರ್ಧ ಗಂಟೆ ಕೂತು ವಿವರಿಸಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಯಕೃತ್ತಿನ ಜೀವಕೋಶಗಳಿಗೆ ಎರಡು ದಾರಿಗಳಿಂದ ರಕ್ತ ಬರುತ್ತದೆ: ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯ ಮೂಲಕ, ಉಳಿದದ್ದು ಅಪಧಮನಿಯ ಮೂಲಕ. ಒಂದು ದಾರಿ ಸೊರಗಿದರೆ ಇನ್ನೊಂದು ಸ್ವಲ್ಪ ಕಾಲ ಕೈಹಿಡಿಯುತ್ತದೆ. ಯಕೃತ್ತಿನ ಒಳಗೆ ಕೊಂಬೆಕೊಂಬೆಯಾಗಿ ಹರಡಿರುವ ಪಿತ್ತನಾಳಗಳಿಗೆ ಆ ಭಾಗ್ಯವಿಲ್ಲ. ಅವುಗಳನ್ನು ಸುತ್ತಿಕೊಂಡಿರುವ ಕೂದಲೆಳೆಯಂಥ ರಕ್ತನಾಳಗಳ ಬಲೆಗೆ ರಕ್ತ ಬರುವುದು ಅಪಧಮನಿಯೊಂದರಿಂದಲೇ. ರಕ್ತದೊತ್ತಡ ಕುಸಿದಾಗ, ಅದನ್ನು ಎತ್ತಿಹಿಡಿಯಲು ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧ ಕೊಟ್ಟಾಗ, ರಕ್ತದಲ್ಲಿ ಆಮ್ಲಜನಕವೇ ಕಡಿಮೆಯಿದ್ದಾಗ, ವೆಂಟಿಲೇಟರ್ ಎದೆಯೊಳಗೆ ಒತ್ತಡ ಹೆಚ್ಚಿಸಿ ಹೊಟ್ಟೆಯ ರಕ್ತದ ಹರಿವನ್ನು ತಗ್ಗಿಸಿದಾಗ ಮೊದಲು ಹಸಿಯುವುದು ಈ ನಾಳಗಳ ಒಳಪದರ. ಪಿತ್ತರಸವಾದರೋ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಹರಿಯುವ, ಕೊಬ್ಬನ್ನು ಕರಗಿಸುವ, ಸಾಬೂನಿನ ಗುಣದ ದ್ರವ. ಆರೋಗ್ಯವಂತ ಒಳಪದರವು ಬೈಕಾರ್ಬನೇಟ್ ಸ್ರವಿಸಿ ಅದರಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಪೆಟ್ಟುಬಿದ್ದ ಪದರಕ್ಕೆ ಅದು ಸಾಧ್ಯವಾಗದೆ, ತಾನು ಸಾಗಿಸುವ ರಸದಿಂದಲೇ ಸುಟ್ಟುಕೊಳ್ಳುತ್ತದೆ. ಕಳಚಿದ ಪದರ, ಗಟ್ಟಿಯಾದ ಪಿತ್ತ ಎರಡೂ ಸೇರಿ ನಾಳದೊಳಗೆ ಎರಕ ಹೊಯ್ದಂತೆ ಕೂರುತ್ತವೆ. ಗೋಡೆ ಗಾಯವಾಗಿ, ಗಾಯ ಮಾಯುತ್ತ ಸಂಕುಚಿಸಿ, ನಾಳ ಅಲ್ಲಲ್ಲಿ ಮುಚ್ಚಿಹೋಗುತ್ತದೆ. ಗೋಡೆಗಳು ಹೀಗೆ ಗಟ್ಟಿಯಾಗಿರುವುದರಿಂದ, ಒಳಗೆ ಅಡ್ಡಿಯಿದ್ದರೂ ಹೊರಗಿನ ಮುಖ್ಯ ನಾಳ ಹಿಗ್ಗಿ ಕಾಣಬೇಕೆಂದಿಲ್ಲ. ಅಲ್ಟ್ರಾಸೌಂಡ್ ನಮ್ಮನ್ನು ದಾರಿ ತಪ್ಪಿಸಿದ್ದು ಅಲ್ಲಿಯೇ.

ಖಚಿತಪಡಿಸಿಕೊಳ್ಳಲು ಎಂಆರ್‌ಸಿಪಿ ಮಾಡಿಸಿದರು. ನಿಂತ ದ್ರವವನ್ನು ಬೆಳ್ಳಗೆ ತೋರಿಸುವ ಎಂಆರ್‌ಐ ಬಗೆ ಇದು. ಪಿತ್ತನಾಳಗಳೊಳಗೆ ಏನನ್ನೂ ತೂರಿಸದೆ ಅವುಗಳ ಚಿತ್ರ ಸಿಗುತ್ತದೆ. ಕಷ್ಟವೇನೆಂದರೆ, ಚಿತ್ರ ಅಲುಗದಿರಲು ರೋಗಿ ಆಗಾಗ ಉಸಿರು ಬಿಗಿಹಿಡಿಯಬೇಕು. ಕೊಳವೆಯೊಳಗೆ ಮಲಗಿದ್ದವನ ಕಿವಿಗೆ “ಉಸಿರು ಹಿಡಿಯಿರಿ” ಎಂಬ ಧ್ವನಿ ಬೀಳುತ್ತಿತ್ತು. ಎಂಟೋ ಒಂಬತ್ತೋ ಸೆಕೆಂಡಿಗೆ ನನ್ನ ಶ್ವಾಸಕೋಶ ಕೈಚೆಲ್ಲುತ್ತಿತ್ತು. ಮೂರು ಬಾರಿ ವಿಫಲವಾದ ಮೇಲೆ ತಂತ್ರಜ್ಞರು, ಚಿಂತಿಸಬೇಡಿ, ನೀವು ನಿಮ್ಮ ಪಾಡಿಗೆ ಉಸಿರಾಡಿ, ಯಂತ್ರವೇ ನಿಮ್ಮ ಲಯ ನೋಡಿಕೊಂಡು ಚಿತ್ರ ತೆಗೆಯುತ್ತದೆ ಎಂದರು. ಮೊದಲೇ ಹಾಗೆ ಮಾಡಬಹುದಿತ್ತಲ್ಲ ಎನ್ನಿಸಿತು, ಕೇಳಲು ಉಸಿರಿರಲಿಲ್ಲ. ಪರದೆಯ ಮೇಲೆ ತಜ್ಞೆ ನನಗೆ ಎರಡು ಚಿತ್ರಗಳನ್ನು ಪಕ್ಕಪಕ್ಕ ತೋರಿಸಿದರು. ಆರೋಗ್ಯವಂತನದು ನುಣುಪಾಗಿ ಕವಲೊಡೆಯುತ್ತ ತುದಿಯವರೆಗೆ ಸಾಗಿದ ಮರದಂತಿತ್ತು. ನನ್ನದರಲ್ಲಿ ಕೊಂಬೆಗಳು ಮಣಿಸರದಂತೆ ಉಬ್ಬಿ, ಕುಗ್ಗಿ, ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿದ್ದವು. ಸಣ್ಣ ರೆಂಬೆಗಳಿರಬೇಕಾದ ಕಡೆ ಬರಿಯ ಕಪ್ಪು.

ಪಿತ್ತನಾಳಗಳನ್ನು ಕೆಡಿಸುವ ಬೇರೆ ರೋಗಗಳನ್ನು ತಳ್ಳಿಹಾಕಲು ಪ್ರತಿಕಾಯಗಳ ಪರೀಕ್ಷೆ, ಐಜಿಜಿ4 ಎಂಬ ಪ್ರತಿಕಾಯದ ಅಳತೆ, ಆಮೇಲೆ ಯಕೃತ್ತಿನ ಚೂರು ತೆಗೆದು ನೋಡುವ ಬಯಾಪ್ಸಿ ನಡೆದವು. ಅವುಗಳಲ್ಲಿ ವಿಶೇಷವೇನಿಲ್ಲ. ಕಾಯಿಲೆಗೆ ಹೆಸರಿತ್ತು: ಸೆಕೆಂಡರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಅಂದರೆ ಬೇರೊಂದು ಕಾರಣದಿಂದ ಪಿತ್ತನಾಳಗಳು ಉರಿದು, ಗಡುಸಾಗಿ, ಕಿರಿದಾಗುವುದು. ತೀವ್ರ ನಿಗಾ ಘಟಕದಲ್ಲಿ ದೀರ್ಘಕಾಲ ಇದ್ದು ಬದುಕಿದವರಲ್ಲಿ ಇದು ಕಾಣಿಸಿಕೊಳ್ಳುವುದನ್ನು ವೈದ್ಯರು 2001ರಲ್ಲೇ ದಾಖಲಿಸಿದ್ದರು. ದೊಡ್ಡ ಸುಟ್ಟಗಾಯ, ಅಪಘಾತ, ರಕ್ತಕ್ಕೆ ಹರಡಿದ ಸೋಂಕು ಇವುಗಳಿಂದ ಪಾರಾದವರಲ್ಲೂ ಕಂಡಿತ್ತು. 2021ರಿಂದ ಕೋವಿಡ್ ರೋಗಿಗಳಲ್ಲಿ ಇಂಥವೇ ವರದಿಗಳು ಬರತೊಡಗಿದಾಗ ‘ಕೋವಿಡೋತ್ತರ ಪಿತ್ತನಾಳ ರೋಗ’ ಎಂಬ ಹೆಸರೂ ಸೇರಿಕೊಂಡಿತು. ವೈರಸ್ಸು ದೇಹದ ಕೋಶಕ್ಕೆ ಅಂಟಿಕೊಳ್ಳುವ ಎಸಿಇ2 ಎಂಬ ಗ್ರಾಹಕ ಪಿತ್ತನಾಳದ ಒಳಪದರದ ಕೋಶಗಳ ಮೇಲೂ ಇರುವುದರಿಂದ ವೈರಸ್ಸೇ ನೇರವಾಗಿ ಅಲ್ಲಿ ಕೈಯಿಕ್ಕಿರಬಹುದೆಂದು ಕೆಲವರು, ಆಮ್ಲಜನಕದ ಕೊರತೆಯೇ ಮುಖ್ಯವೆಂದು ಕೆಲವರು ವಾದಿಸುತ್ತಾರೆ. ಮಂಪರಿನಲ್ಲಿಡಲು ದಿನಗಟ್ಟಲೆ ಕೊಡುವ ಕೆಟಮೈನ್ ಎಂಬ ಔಷಧಕ್ಕೂ ಇದಕ್ಕೂ ನಂಟಿದೆಯೆಂಬ ಅನುಮಾನ ಬಲವಾಗಿದೆ. ನನಗೂ ಅದನ್ನು ಕೊಟ್ಟಿದ್ದರೆಂದು ಏಳನೆಯ ಪುಟಕ್ಕಿಂತ ಮೊದಲೇ, ಮೂರನೆಯ ಪುಟದಲ್ಲಿ, ಬರೆದಿತ್ತು.

ಇದನ್ನು ತಿಳಿದಾಗ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಸಿಟ್ಟನ್ನು ಯಾರ ಮೇಲೆ ಹೊರಿಸುವುದೆಂದು ಯೋಚಿಸುತ್ತ ಹೋದಂತೆ ಅದು ಜಾಗ ಸಿಗದೆ ಅಲೆದಾಡಿತು. ಆ ಔಷಧ, ಆ ಯಂತ್ರ, ಆ ಒತ್ತಡ ಇವುಗಳಿಲ್ಲದಿದ್ದರೆ ಹಾಳಾಗಲು ನನ್ನ ಪಿತ್ತನಾಳಗಳು ಉಳಿದಿರುತ್ತಿರಲಿಲ್ಲ. ಈಗಲೂ ನನಗಿರುವ ದೂರು ಒಂದೇ: ಏಳನೆಯ ಪುಟದ ಸಾಲಿನ ಪಕ್ಕದಲ್ಲಿ ‘ಎರಡು ವಾರ ಬಿಟ್ಟು ಮತ್ತೆ ನೋಡಿ’ ಎಂದು ಯಾರಾದರೂ ಬರೆದಿದ್ದರೆ, ನಾಳ ಕೆಟ್ಟೇ ಕೆಡುತ್ತಿದ್ದರೂ, ತಣ್ಣೀರಿನ ಬಕೆಟ್ಟಿನ ಆ ರಾತ್ರಿಗಳಿಗೆ ನನಗೊಂದು ಕಾರಣವಾದರೂ ಗೊತ್ತಿರುತ್ತಿತ್ತು.

ಮೊದಲ ಚಿಕಿತ್ಸೆ ಇಆರ್‌ಸಿಪಿ. ಬಾಯಿಯ ಮೂಲಕ ದುರ್ಬೀನಿನ ಕೊಳವೆಯನ್ನು ಸಣ್ಣಕರುಳಿನ ಆರಂಭದವರೆಗೆ ಇಳಿಸಿ, ಪಿತ್ತನಾಳ ಅಲ್ಲಿಗೆ ತೆರೆದುಕೊಳ್ಳುವ ಬಾಯನ್ನು ಸ್ವಲ್ಪ ಕತ್ತರಿಸಿ ಅಗಲಗೊಳಿಸಿ, ಬಲೂನಿನಿಂದ ಒಳಗಿನದನ್ನು ಎಳೆದು ತೆಗೆಯುವುದು. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆಯೆಂದು ಸಹಿ ಹಾಕಿಸಿಕೊಂಡಿದ್ದರು, ಅದೃಷ್ಟಕ್ಕೆ ಹಾಗಾಗಲಿಲ್ಲ. ಎಚ್ಚರವಾದ ಮೇಲೆ ಹೊರಬಂದದ್ದರ ಫೋಟೋ ತೋರಿಸಿದರು. ಬೆರಳುದ್ದದ, ಕಪ್ಪುಗಂದು ಬಣ್ಣದ, ಎರಡು ಕಡೆ ಕವಲೊಡೆದ ಒಣಕಡ್ಡಿಯಂತಿತ್ತು. ನಾಳದ ಆಕಾರವನ್ನೇ ಅದು ಅಚ್ಚು ತೆಗೆದುಕೊಂಡಿತ್ತು. ನನ್ನೊಳಗಿನ ಕೊಂಬೆಯೊಂದನ್ನು ಕಣ್ಣಾರೆ ಕಂಡಂತಾಯಿತು. ಬಿಲಿರುಬಿನ್ 9.8ರಿಂದ 5.1ಕ್ಕೆ ಇಳಿಯಿತು, ಏಳು ವಾರ ಹಾಗೆಯೇ ನಿಂತಿತು, ಮತ್ತೆ ಏರಿತು. ಮುಖ್ಯ ದಾರಿಯ ಕಸವನ್ನು ತೆಗೆಯಬಹುದು. ಬಲೂನು ತಲುಪದ ಸಣ್ಣ ಓಣಿಗಳು ಮುಚ್ಚಿದ್ದು ಮುಚ್ಚಿದಂತೆಯೇ ಇದ್ದವು.

ಆಮೇಲಿನ ತಿಂಗಳುಗಳು ಔಷಧಗಳ ವೇಳಾಪಟ್ಟಿಯ ಸುತ್ತ ಸುತ್ತಿದವು. ಪಿತ್ತವನ್ನು ತಿಳಿಗೊಳಿಸುವ ಅರ್ಸೋಡಿಆಕ್ಸಿಕೋಲಿಕ್ ಆಮ್ಲದಿಂದ ಆಲ್ಕಲೈನ್ ಫಾಸ್ಫಟೇಸ್ ಇಳಿಯಿತಾದರೂ, ಅಂಕಿ ಇಳಿದ ಮಾತ್ರಕ್ಕೆ ಕಾಯಿಲೆ ನಿಂತಿತೆಂದು ತಿಳಿಯಬೇಡಿ ಎಂದು ತಜ್ಞೆ ಮೊದಲೇ ಎಚ್ಚರಿಸಿದ್ದರು. ತುರಿಕೆಗೆ ಕೊಲೆಸ್ಟಿರಮೈನ್ ಪುಡಿ: ನೀರಿನಲ್ಲಿ ಕದಡಿದರೆ ಮರಳು ಕುಡಿದಂತೆ, ಅದು ಕರುಳಿನಲ್ಲಿ ಪಿತ್ತಾಮ್ಲಗಳನ್ನಷ್ಟೇ ಅಲ್ಲದೆ ಬೇರೆ ಮಾತ್ರೆಗಳನ್ನೂ ಹಿಡಿದುಕೊಳ್ಳುವುದರಿಂದ ಅದರ ನಂತರ ನಾಲ್ಕು ಗಂಟೆ ಬೇರೆ ಯಾವ ಮಾತ್ರೆಯನ್ನೂ ನುಂಗುವಂತಿಲ್ಲ. ಅದು ಸಾಲದಾದಾಗ ರಿಫಾಂಪಿಸಿನ್. ಕ್ಷಯಕ್ಕೆ ಕೊಡುವ ಆ ಔಷಧ ತುರಿಕೆಯನ್ನು ತಗ್ಗಿಸುತ್ತದೆಂದು ನನಗೆ ನಂಬಿಕೆ ಬರಲಿಲ್ಲ, ಆದರೆ ಐದನೆಯ ರಾತ್ರಿ ಮೂರು ಗಂಟೆ ಒಂದೇ ಸಮನೆ ಮಲಗಿದೆ. ಪಿತ್ತ ಕರುಳಿಗೆ ಇಳಿಯದಿದ್ದರೆ ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ದೇಹಕ್ಕೆ ಸೇರುವುದಿಲ್ಲ. ಹಲ್ಲುಜ್ಜುವಾಗ ರಕ್ತ ನಿಲ್ಲದೆ ಹೋದ ದಿನ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟರು. ರಕ್ತ ಹೆಪ್ಪುಗಟ್ಟುವುದು ತಡವಾದಷ್ಟೂ ಏರುವ ಐಎನ್ಆರ್ ಎಂಬ ಅಂಕಿ ಮರುದಿನಕ್ಕೆ 2.1ರಿಂದ 1.3ಕ್ಕೆ ಬಂತು. ಯಕೃತ್ತು ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸಲು ಇನ್ನೂ ಸಮರ್ಥವಾಗಿದೆ, ಕಚ್ಚಾವಸ್ತುವಷ್ಟೇ ಸಾಲದಾಗಿತ್ತು ಎಂದರ್ಥ. ಆ ಕಾಲದಲ್ಲಿ ನನಗೆ ಸಿಕ್ಕ ಒಂದೇ ಒಳ್ಳೆಯ ಸುದ್ದಿ ಅದು.

ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯಕೂಡದು, ಆ ಹೊತ್ತಿಗೇ ಆಸ್ಪತ್ರೆಗೆ ಬರಬೇಕು ಎಂದಿದ್ದರು. ನಿಂತ ಪಿತ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದು ರಕ್ತಕ್ಕೆ ನುಗ್ಗುತ್ತದೆ. ಆರು ತಿಂಗಳಲ್ಲಿ ಮೂರು ಬಾರಿ ಹೋದೆ. ಹಲ್ಲು ಕಟಕಟಿಸುವ ನಡುಕ, ಅರ್ಧ ಗಂಟೆಯಲ್ಲಿ 104 ಡಿಗ್ರಿ ಜ್ವರ, ರಕ್ತದ ಮಾದರಿ, ಅಭಿಧಮನಿಗೆ ಆಂಟಿಬಯಾಟಿಕ್. ಮೂರನೆಯ ಬಾರಿ ಬೆಳೆದ ಬ್ಯಾಕ್ಟೀರಿಯಾ ಹಿಂದಿನ ಔಷಧಗಳಿಗೆ ಬಗ್ಗಲಿಲ್ಲ. ಆಗ ತಜ್ಞೆ ಕಸಿಯ ಮಾತೆತ್ತಿದರು.

ಯಕೃತ್ ಕಸಿಯ ಸರದಿಯನ್ನು ಸಾಮಾನ್ಯವಾಗಿ ಮೆಲ್ಡ್ ಎಂಬ ಅಂಕ ನಿರ್ಧರಿಸುತ್ತದೆ. ಬಿಲಿರುಬಿನ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಐಎನ್ಆರ್, ಸೋಡಿಯಂ ಇವುಗಳಿಂದ ಲೆಕ್ಕಹಾಕುವ ಆ ಅಂಕ 6ರಿಂದ 40ರವರೆಗೆ ಇರುತ್ತದೆ. ಹೆಚ್ಚಿದ್ದಷ್ಟೂ ಸಾವು ಹತ್ತಿರ, ಸರದಿಯೂ ಹತ್ತಿರ. ನನ್ನದು 19. ಮೂತ್ರಪಿಂಡ ಚೆನ್ನಾಗಿತ್ತು, ರಕ್ತ ಹೆಪ್ಪುಗಟ್ಟುತ್ತಿತ್ತು. ತುರಿಕೆಗೆ ಆ ಸೂತ್ರದಲ್ಲಿ ಜಾಗವಿಲ್ಲ, ಚಳಿಜ್ವರಕ್ಕೂ ಇಲ್ಲ. ಸೂತ್ರ ತಪ್ಪೆಂದು ನಾನು ಹೇಳುವುದಿಲ್ಲ. ನನಗಿಂತ ಮೊದಲು ಸಾಯಬಹುದಾದವರನ್ನು ಅದು ಮುಂದೆ ನಿಲ್ಲಿಸುತ್ತದೆ, ಅದು ನ್ಯಾಯವೇ. ಆದರೆ ಪಿತ್ತನಾಳದ ರೋಗಿ ಅದರೊಳಗೆ ಇರುವುದಕ್ಕಿಂತ ಆರೋಗ್ಯವಂತನಾಗಿ ಕಾಣುತ್ತಾನೆ.

ಹೀಗಾಗಿ ಬದುಕಿರುವ ದಾನಿಯ ಪ್ರಶ್ನೆ ಬಂತು. ತಂಗಿಯ ರಕ್ತದ ಗುಂಪು ಹೊಂದುತ್ತಿತ್ತು. ಬೇಡವೆಂದು ನಾನು ಎರಡು ವಾರ ವಾದಿಸಿದೆ. “ಅಣ್ಣ, ಅದು ಮತ್ತೆ ಬೆಳೆಯುತ್ತದಂತಲ್ಲ. ಬೆಳೆಯದೇ ಇರುವುದನ್ನು ಕೇಳಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ,” ಎಂದಳು. ಸಿಟಿ ಸ್ಕ್ಯಾನಿನಲ್ಲಿ ಅವಳ ಬಲಭಾಗ ಒಟ್ಟು ಯಕೃತ್ತಿನ ಶೇಕಡಾ 62, ಉಳಿಯುವುದು 38. ದಾನಿಯಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಉಳಿಯಲೇಬೇಕೆಂಬುದು ಆ ತಂಡದ ನಿಯಮ. ನನ್ನ ಕಡೆಯ ತೊಡಕೆಂದರೆ ಶ್ವಾಸಕೋಶ. ಅರಿವಳಿಕೆ ತಾಳಬಲ್ಲುದೇ ಎಂದು ನೋಡಲು ಊದುವ ಪರೀಕ್ಷೆ, ಆರು ನಿಮಿಷ ನಡೆಸುವ ಪರೀಕ್ಷೆ ನಡೆದವು. ಮೊದಲ ಸಲ 290 ಮೀಟರ್ ನಡೆದೆ, ಸಾಲದೆಂದರು. ಎರಡು ತಿಂಗಳು ವ್ಯಾಯಾಮ ಮಾಡಿ 410 ನಡೆದೆ.

ಆಸ್ಪತ್ರೆಯಿಂದ ಮೊದಲು ಬಿಡುಗಡೆಯಾಗಿ ಹದಿನಾಲ್ಕು ತಿಂಗಳಾದ ಮೇಲೆ ಕಸಿ ನಡೆಯಿತು. ಅದು ಹನ್ನೆರಡು ಗಂಟೆಯ ಶಸ್ತ್ರಚಿಕಿತ್ಸೆ. ನನಗೆ ಅದರ ನೆನಪೇನೂ ಇಲ್ಲ. ನನ್ನ ಹಳೆಯ ಯಕೃತ್ತು ಹಸಿರುಗಟ್ಟಿ ಕಲ್ಲಿನಂತಾಗಿತ್ತೆಂದೂ, ಸೀಳಿದಾಗ ಒಳಗಿನ ನಾಳಗಳಲ್ಲೆಲ್ಲ ಅದೇ ಕಪ್ಪುಗಂದು ಕಡ್ಡಿಗಳಿದ್ದವೆಂದೂ ಶಸ್ತ್ರವೈದ್ಯರು ಹೇಳಿದರು. ನನ್ನ ಸ್ವಂತ ಪಿತ್ತನಾಳ ನಂಬಲರ್ಹವಲ್ಲವಾದ್ದರಿಂದ ತಂಗಿಯ ಯಕೃತ್ತಿನ ಎರಡು ನಾಳಗಳನ್ನು ನೇರವಾಗಿ ನನ್ನ ಸಣ್ಣಕರುಳಿನ ತುಂಡಿಗೆ ಜೋಡಿಸಿದ್ದರು. ನಾಲ್ಕನೆಯ ರಾತ್ರಿಯೋ ಐದನೆಯ ರಾತ್ರಿಯೋ ಎಚ್ಚರವಾದಾಗ ಏನೋ ಕಡಿಮೆಯಾದಂತೆ ಅನ್ನಿಸಿ, ಏನೆಂದು ಹೊಳೆಯಲು ಬಹಳ ಹೊತ್ತು ಬೇಕಾಯಿತು. ಅಂಗೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ತಂಗಿ ಒಂಬತ್ತನೆಯ ದಿನ ಮನೆಗೆ ಹೋದಳು. ಮೂರು ತಿಂಗಳಿಗೆ ಅವಳ ಯಕೃತ್ತು ಹೆಚ್ಚುಕಡಿಮೆ ಹಿಂದಿನ ಗಾತ್ರಕ್ಕೆ ಬಂದಿತ್ತು. ನನಗೆ ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ, ದೇಹ ಹೊಸ ಯಕೃತ್ತನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್. ಪರೀಕ್ಷೆಗೆ ರಕ್ತ ಕೊಡುವ ದಿನ ಮೊದಲು ರಕ್ತ, ಆಮೇಲೆ ಮಾತ್ರೆ. ರೋಗನಿರೋಧಕ ಶಕ್ತಿ ತಗ್ಗಿಸಿದಾಗ ಸೈಟೊಮೆಗಲೊ ಎಂಬ ಇನ್ನೊಂದು ವೈರಸ್ಸು ತಲೆಯೆತ್ತಿ ಇದೇ ಯಕೃತ್ತನ್ನು ಕೆಡಿಸದಿರಲೆಂದು ಮೂರು ತಿಂಗಳು ವಾಲ್ಗ್ಯಾನ್ಸಿಕ್ಲೊವಿರ್.

ಆರನೆಯ ತಿಂಗಳ ವರದಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್ 98ರಿಂದ 164ಕ್ಕೆ ಏರಿತ್ತು. ಈ ಬಾರಿ ಅದನ್ನು ಮೊದಲು ಓದಿದವನು ನಾನೇ. ಪ್ರಯೋಗಾಲಯದಿಂದ ವರದಿ ಬಂದ ಹತ್ತು ನಿಮಿಷದೊಳಗೆ ತಂಡದ ಸಂಯೋಜಕಿಗೆ ಫೋನ್ ಮಾಡಿದೆ. ಮತ್ತೆ ಎಂಆರ್‌ಸಿಪಿ ಆಯಿತು. ಹದಿನೈದು ಸೆಕೆಂಡು ಉಸಿರು ಹಿಡಿದೆ. ನಾಳವನ್ನು ಕರುಳಿಗೆ ಜೋಡಿಸಿದ ಎರಡು ಕಡೆಗಳಲ್ಲಿ ಒಂದು ತುಸು ಕಿರಿದಾಗಿದೆ, ಬದುಕಿರುವ ದಾನಿಯ ಕಸಿಯಲ್ಲಿ ಇದು ಅಪರೂಪವಲ್ಲ, ಹೆಚ್ಚಾದರೆ ಚರ್ಮದ ಮೂಲಕ ಸೂಜಿ ಹಾಯಿಸಿ ಬಲೂನಿನಿಂದ ಹಿಗ್ಗಿಸುತ್ತೇವೆ ಎಂದರು. ಮುಂದಿನ ರಕ್ತಪರೀಕ್ಷೆ ನಾಲ್ಕು ವಾರ ಬಿಟ್ಟು ಎಂದು ತಜ್ಞೆ ವರದಿಯಲ್ಲಿ ಆ ಸಾಲಿನ ಪಕ್ಕದಲ್ಲೇ ಬರೆದು, ಕೆಳಗೆ ಗೆರೆ ಎಳೆದುಕೊಟ್ಟರು.